ಅಟ್ಟದಿಂದ ಇಳಿದ ಪೆಟ್ಟಿಗೆಗಳು

ಮಹಾನವಮಿ ಸಮೀಪಿಸುತ್ತಿದ್ದಂತೆ ಮನೆಯ ಜೇಡರಬಲೆ ತೆಗೆದು, ಅಟ್ಟದ ಸಾಮಾನು ಇಳಿಸಿ, ಪಾತ್ರೆ ಪರಿಕರಗಳನ್ನು ಬೆಳಗುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಈ ದಿನಗಳಲ್ಲಿ ಅಂಕಣಕ್ಕೆ ಬರುವ ಪತ್ರಗಳಲ್ಲಿ ಜಿಡ್ಡು, ಗೆದ್ದಲು, ತುಕ್ಕಿನ ಪ್ರಶ್ನೆಗಳೇ ಹೆಚ್ಚಾಗಿರುತ್ತಿದ್ದವು. ಈ ಬಾರಿಯ ಪತ್ರಗಳು ಬೇರೆಯೇ ಆಗಿವೆ. ಸಾಮಾನನ್ನು ಎಲ್ಲಿಡಬೇಕೆಂದು ಕೇಳಿದವರು ಕಡಿಮೆ. ಅದನ್ನು ಕೈಗೆತ್ತಿಕೊಂಡ ಕೂಡಲೇ ಗಂಟಲು ಕಟ್ಟುವುದೇಕೆಂದು ಕೇಳಿದವರು ಬಹಳ. ಅವುಗಳಲ್ಲಿ ಐದನ್ನು ಆರಿಸಿಕೊಂಡು, ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಅವ್ವ ತೀರಿಕೊಂಡು 14 ತಿಂಗಳಾಯಿತು. ಧಾರವಾಡದ ಮನೆಯನ್ನು ಮಾರುವುದೆಂದು ಅಣ್ಣನೂ ನಾನೂ ತೀರ್ಮಾನಿಸಿದ್ದೇವೆ. ಸಾಮಾನು ವಿಲೇವಾರಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂರು ಸಲ ರಜೆ ಹಾಕಿ ಹೋದೆ. ಮೂರು ಸಲವೂ ಟ್ರಂಕಿನ ಮುಚ್ಚಳ ತೆಗೆದು, ಅವ್ವನ ಇಳಕಲ್ ಸೀರೆಯೊಂದನ್ನು ಮುಖಕ್ಕೆ ಒತ್ತಿಕೊಂಡು, ಮತ್ತೆ ಮುಚ್ಚಿ ಬೆಂಗಳೂರಿಗೆ ಮರಳಿದೆ. ಗುಜರಿಯವನನ್ನು ಕರೆದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಎಂದು ಅಣ್ಣ ಸಿಟ್ಟಾಗುತ್ತಾನೆ. ನಾನು ಇಷ್ಟೊಂದು ದುರ್ಬಲಳೇ?

ಉತ್ತರ: ಖಂಡಿತ ಅಲ್ಲ. ಎಲ್ಲಕ್ಕಿಂತ ಕಷ್ಟದ ಕಡೆಯಿಂದ ಕೆಲಸ ಆರಂಭಿಸಿದಿರಿ, ಅಷ್ಟೇ. ತಾಯಿಯ ಸೀರೆಯ ಟ್ರಂಕು ಇಡೀ ಮನೆಯಲ್ಲಿ ಕಟ್ಟಕಡೆಗೆ ತೆರೆಯಬೇಕಾದ ಪೆಟ್ಟಿಗೆ. ನಾಲ್ಕನೆಯ ಸಲ ಹೋದಾಗ ಅದರ ಮೇಲೊಂದು ಚಾದರ ಹೊದಿಸಿ, ಬಚ್ಚಲುಮನೆಯಿಂದಲೋ ಔಷಧದ ಡಬ್ಬಿಯಿಂದಲೋ ಆರಂಭಿಸಿ. ಅವಧಿ ಮುಗಿದ ಮಾತ್ರೆ, ಒಡೆದ ಬಕೆಟ್ಟು, ಕಡ್ಡಿ ಮುರಿದ ಕೊಡೆ, ಜೊತೆ ತಪ್ಪಿದ ಚಪ್ಪಲಿಗಳನ್ನು ಬಿಡುವಾಗ ಕಣ್ಣು ತುಂಬುವುದಿಲ್ಲ. ಆದರೆ ಇದು ಬೇಕು, ಇದು ಬೇಡ ಎಂದು ನಿರ್ಧರಿಸುವ ರೂಢಿ ಕೈಗೆ ಬರುತ್ತದೆ. ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ಆಸ್ತಿ, ಬ್ಯಾಂಕು, ಪಿಂಚಣಿ, ವಿಮೆಗೆ ಸಂಬಂಧಿಸಿದಂತೆ ಕಾಣುವ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಡಿ. ಮನೆಯ ಮಾರಾಟ ಮುಗಿಯುವವರೆಗೆ ಒಂದು ಚೀಟಿಯನ್ನೂ ಹರಿಯಬೇಡಿ.

ಎರಡನೆಯ ಹಂತದಲ್ಲಿ ಅಡುಗೆಮನೆಗೆ ಬನ್ನಿ. ಅವ್ವನ ಕಾಲದ ಸ್ಟೀಲ್ ಪಾತ್ರೆಗಳ ಅಂಚಿನಲ್ಲಿ ಹೆಸರು ಕೊರೆಸಿರುತ್ತಾರೆ. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು, ಎಲ್ಲವೂ ಚುಕ್ಕಿ ಚುಕ್ಕಿಯಾಗಿ ಅದರಲ್ಲಿರುತ್ತವೆ. ಆ ಪಾತ್ರೆಗಳನ್ನು ಕೊಡುವ ಮುಂಚೆ ನೆಲದ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಓದಿ, ಹೆಸರುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮ ತಾಯಿಯ ಮದುವೆಗೆ ಯಾರು ಯಾರು ಬಂದಿದ್ದರು, ಯಾವ ಓಣಿಯ ಯಾವ ಮನೆಯೊಡನೆ ಅವರಿಗೆ ಬಳಕೆಯಿತ್ತು ಎಂಬ ವಿವರ ಬಹುಶಃ ಬೇರೆಲ್ಲಿಯೂ ಬರೆದಿಟ್ಟಿರಲಾರದು. ಹೆಸರು ಬರೆದುಕೊಂಡ ಮೇಲೆ ಲೋಟ, ತಾಟುಗಳನ್ನು ಬಿಟ್ಟುಕೊಡುವುದು ಎಷ್ಟು ಸುಲಭವಾಗುತ್ತದೆಂಬುದನ್ನು ನೀವೇ ನೋಡುವಿರಿ. ಹಿತ್ತಾಳೆಯ ಪಾತ್ರೆಗಳಲ್ಲಿ ಒಂದೆರಡನ್ನು ನೀವು ಇಟ್ಟುಕೊಳ್ಳುವುದಾದರೆ ಷೋಕೇಸಿಗೆ ಇಡಬೇಡಿ; ಕಲಾಯಿ ಹಾಕಿಸಿ ಅಡುಗೆಗೆ ಬಳಸಿ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಣಸೆಹುಳಿಯ ಸಾರು ಕುದಿಸಿದರೆ ಕಿಲುಬು ಬಿಡುತ್ತದೆ ಎಂಬುದನ್ನು ಅವ್ವನೇ ನಿಮಗೆ ಹೇಳಿಕೊಟ್ಟಿರಬೇಕು.

ಇನ್ನು ಸೀರೆಗಳು. ನೀವು ಮೂಗಿಗೆ ಹಿಡಿಯುವುದು ಅವ್ವನ ವಾಸನೆಗಾಗಿ. ಆ ವಾಸನೆ ಹೆಚ್ಚು ಕಾಲ ಉಳಿಯದೆಂಬ ಭಯವೇ ಮುಚ್ಚಳವನ್ನು ಮತ್ತೆ ಮುಚ್ಚಿಸುತ್ತದೆ ಎಂದು ನನಗೆ ತೋರುತ್ತದೆ. ಅವರು ಕೊನೆಯಲ್ಲಿ ಉಟ್ಟ ಒಂದು ಸೀರೆಯನ್ನು ತೊಳೆಯದೆ ಹಾಗೆಯೇ ನಿಮಗಾಗಿ ಎತ್ತಿಟ್ಟುಬಿಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕೆಂಪು ರೇಷ್ಮೆಯ ಟೋಪ್‌ತೆನಿ ಸೆರಗಿನ ಇಳಕಲ್ ಸೀರೆಗಳನ್ನು ಸೊಸೆಯಂದಿರು, ಮೊಮ್ಮಕ್ಕಳು, ಅವ್ವನ ಗೆಳತಿಯರನ್ನು ಒಂದು ಮಧ್ಯಾಹ್ನ ಕರೆದು ಹಂಚಿ. ಹಂಚುವಾಗ ಆ ಸೀರೆಯನ್ನು ಅವರು ಎಂದು ಉಟ್ಟಿದ್ದರೆಂಬುದನ್ನು ಹೇಳಿ ಕೊಡಿ. ಗೆಳತಿಯರು ನಿಮಗೆ ಗೊತ್ತಿಲ್ಲದ ಸಂಗತಿಗಳನ್ನು ಹೇಳುವರು, ಅವನ್ನು ಕೇಳಿಸಿಕೊಳ್ಳುವುದಕ್ಕೆ ಸಮಯವಿರಲಿ. ಮೆತ್ತಗಾದ, ಅಲ್ಲಲ್ಲಿ ಹರಿದ ನೂಲಿನ ಸೀರೆಗಳಿಗೆ ನಿಮ್ಮ ಸೀಮೆಯಲ್ಲೇ ಸೊಗಸಾದ ದಾರಿಯಿದೆ. ಕೌದಿ ಹೊಲಿಯುವ ಹೆಂಗಸರಿಗೆ ಕೊಟ್ಟು ಎರಡು ಕೌದಿ ಹೊಲಿಸಿ, ಒಂದು ನಿಮಗೆ, ಒಂದು ಅಣ್ಣನಿಗೆ ಇರಲಿ. ಹಳೆಯ ಸೀರೆಯನ್ನು ಪದರ ಪದರವಾಗಿ ಇಟ್ಟು ದಾರದ ಸಾಲು ಹಾಕುವ ಈ ಕೈಗೆಲಸ ಹುಟ್ಟಿದ್ದೇ ತಾಯಂದಿರ ಬಟ್ಟೆಯನ್ನು ಮಕ್ಕಳು ಹೊದೆಯಲೆಂದು. ಉಳಿಸಿಕೊಳ್ಳುವ ರೇಷ್ಮೆ ಸೀರೆಗಳನ್ನು ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ, ಜರಿಗೆ ನುಸಿಗುಳಿಗೆ ತಾಗಿದರೆ ಕಪ್ಪಾಗುತ್ತದೆ.

ನನ್ನ ತಾಯಿಯ ಪೆಟ್ಟಿಗೆಯನ್ನು ತೆರೆದ ದಿನ ಅದರ ತಳದಲ್ಲಿ ನನ್ನ ಎರಡನೆಯ ತರಗತಿಯ ಅಂಕಪಟ್ಟಿ ಸಿಕ್ಕಿತ್ತು. ಲೆಕ್ಕದಲ್ಲಿ ನನಗೆ ಬಂದಿದ್ದ ಕಡಿಮೆ ಅಂಕದ ಪಕ್ಕದಲ್ಲಿ ಅವರು ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿದ್ದರು. ಅದೇನೆಂದು ಇಂದಿಗೂ ನನಗೆ ತಿಳಿದಿಲ್ಲ. ಅದನ್ನೇ ನೋಡುತ್ತಾ ಅರ್ಧ ದಿನ ಕುಳಿತಿದ್ದೆ, ಆ ದಿನ ಬೇರೇನೂ ಕೆಲಸವಾಗಲಿಲ್ಲ. ಹಾಗೆ ಕುಳಿತದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನೀವು ಸೀರೆ ಮುಖಕ್ಕೆ ಒತ್ತಿಕೊಂಡು ಕುಳಿತ ಆ ಮೂರು ಪ್ರಯಾಣಗಳನ್ನೂ ವ್ಯರ್ಥವೆಂದು ಎಣಿಸಬೇಡಿ.

ಅಣ್ಣನ ಸಿಟ್ಟಿನ ಬಗ್ಗೆ ಒಂದು ಮಾತು. ಅವರು ಬೇಗ ಮುಗಿಸಿ ಎನ್ನುವುದು ದುಃಖವಿಲ್ಲದ್ದರಿಂದ ಎಂದು ತಿಳಿಯಬೇಡಿ. ಆ ಮನೆಯಲ್ಲಿ ನಿಲ್ಲಲು ಅವರಿಂದಲೂ ಆಗುತ್ತಿಲ್ಲದಿರಬಹುದು. ಪಾತ್ರೆಗಳ ಹೆಸರು ಓದುವ ದಿನ ಅವರನ್ನೂ ಕರೆಯಿರಿ. ನೀವು ಓದಿ, ಅವರು ಬರೆದುಕೊಳ್ಳಲಿ.

ಪ್ರಶ್ನೆ: ನನಗೆ 74 ವರ್ಷ, ಮೈಸೂರಿನಲ್ಲಿದ್ದೇನೆ. ಮಕ್ಕಳಿಬ್ಬರೂ ಅಮೆರಿಕದಲ್ಲಿ ನೆಲೆಸಿದ್ದಾರೆ. ಹಳೆಯ ಮನೆಯನ್ನು ಬಿಟ್ಟು ಎರಡು ಕೋಣೆಯ ಫ್ಲ್ಯಾಟಿಗೆ ಹೋಗಬೇಕೆಂಬುದು ಅವರ ಒತ್ತಾಯ, ನನಗೂ ಮಹಡಿ ಹತ್ತುವುದು ಕಷ್ಟವಾಗಿದೆ. ಆದರೆ ನನ್ನ ಬಳಿ ಎರಡು ಸಾವಿರದಷ್ಟು ಪುಸ್ತಕಗಳಿವೆ. ‘ಕಸ್ತೂರಿ’, ‘ಸುಧಾ’, ‘ಮಯೂರ’ ಪತ್ರಿಕೆಗಳ ಹಳೆಯ ಸಂಚಿಕೆಗಳ ಕಟ್ಟುಗಳಿವೆ. ತಾತನ ಕಾಲದ ಎರಡು ತಾಳೆಗರಿಯ ಕಟ್ಟುಗಳೂ ಇವೆ. ಅವನ್ನು ಓದಲು ನಮ್ಮಲ್ಲಿ ಯಾರಿಗೂ ಬಾರದು. ಎಲ್ಲವನ್ನೂ ತೂಕಕ್ಕೆ ಹಾಕಿ ಎನ್ನುತ್ತಾನೆ ಮಗ. ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ: ಮೊದಲು ತಾಳೆಗರಿಯ ಕಟ್ಟುಗಳನ್ನು ಬೇರೆಯಾಗಿ, ಒಣಗಿದ ಜಾಗದಲ್ಲಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ದಾರ ಬಿಗಿಯಾಗಿದ್ದರೆ ಎಳೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಯಾರೋ ಹೇಳಿದರೆಂದು ಎಣ್ಣೆ ಹಚ್ಚಲೂ ಹೋಗಬೇಡಿ. ಆಮೇಲೆ ನಿಮ್ಮ ಊರಿನಲ್ಲೇ ಇರುವ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋಗಿ ವಿಚಾರಿಸಿ. 1891ರಲ್ಲಿ ಆರಂಭವಾದ ಈ ಸಂಸ್ಥೆ ಇಂಥ ಓಲೆಗಳನ್ನು ಓದಬಲ್ಲವರು ದುಡಿದ ಜಾಗ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಪೂರ್ಣ ಪಠ್ಯ ಎಲ್ಲೂ ಉಳಿದಿಲ್ಲವೆಂದೇ ವಿದ್ವಾಂಸರು ಭಾವಿಸಿದ್ದ ಕಾಲದಲ್ಲಿ, ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ತಾಳೆಗರಿಯ ಕಟ್ಟಿನಲ್ಲಿ ಅದನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಆ ಪಂಡಿತರು ಕಟ್ಟನ್ನು ಒಲೆಗೆ ಹಾಕದೆ ತಂದುಕೊಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಗೌರವ ಉಕ್ಕುತ್ತದೆ. ನಿಮ್ಮ ಕಟ್ಟುಗಳಲ್ಲಿ ಇರುವುದು ಪಂಚಾಂಗವೋ ವೈದ್ಯವೋ ಮನೆಯ ಲೆಕ್ಕವೋ ಆಗಿದ್ದೀತು, ಆದರೂ ಓದಬಲ್ಲವರ ಕಣ್ಣಿಗೆ ಒಮ್ಮೆ ಬೀಳಲಿ. ಕೊಟ್ಟುಬಿಡುವ ಮನಸ್ಸಿಲ್ಲದಿದ್ದರೆ ಮೂಲವನ್ನು ನೀವೇ ಇಟ್ಟುಕೊಂಡು ಓಲೆಗಳ ಚಿತ್ರಗಳನ್ನಷ್ಟೇ ತೆಗೆಸುವ ಸಾಧ್ಯತೆಯನ್ನೂ ಕೇಳಿ ನೋಡಿ.

ಪತ್ರಿಕೆಗಳ ಕಟ್ಟುಗಳ ಬಗ್ಗೆ ನಾನು ನಿಮ್ಮಷ್ಟು ಮೃದುವಾಗಲಾರೆ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ಯ ಆರಂಭದ ವರ್ಷಗಳ ಸಂಚಿಕೆಗಳೋ 1965ರಲ್ಲಿ ಆರಂಭವಾದ ‘ಸುಧಾ’ದ ಮೊದಲ ಸಂಪುಟಗಳೋ ಪೂರ್ಣವಾಗಿ, ಪುಟ ತಪ್ಪದೆ ಇದ್ದರೆ ಅವು ನಿಜಕ್ಕೂ ಅಪರೂಪ, ಕಾಲೇಜಿನ ಕನ್ನಡ ವಿಭಾಗವನ್ನೋ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಮಾಡುತ್ತಿರುವ ಕನ್ನಡ ಆಸಕ್ತರನ್ನೋ ಸಂಪರ್ಕಿಸಿ. ಇಲಿ ತಿಂದ, ಹಾಳೆ ಮುಟ್ಟಿದರೆ ಪುಡಿಯಾಗುವ, ಇತ್ತೀಚಿನ ವರ್ಷಗಳ ಸಂಚಿಕೆಗಳನ್ನು ತೂಕಕ್ಕೆ ಹಾಕುವುದು ಅಪರಾಧವಲ್ಲ. ನಿಮಗೆ ಪ್ರಿಯವಾದ ಕಥೆಯೋ ಪ್ರಬಂಧವೋ ಇದ್ದ ಪುಟಗಳನ್ನು ಬಿಡಿಸಿಟ್ಟುಕೊಳ್ಳಿ.

ಪುಸ್ತಕಗಳಿಗೆ ಹೊಸ ಮನೆಯಲ್ಲಿ ಎಷ್ಟು ಕಪಾಟಿನ ಜಾಗ ಸಿಗುವುದೆಂಬುದನ್ನು ಮೊದಲು ಅಳೆಯಿರಿ. ಎರಡು ಸಾವಿರದಿಂದ ಯಾವುದನ್ನು ತೆಗೆಯಲಿ ಎಂದು ಹೊರಟರೆ ಪ್ರತಿ ಪುಸ್ತಕವೂ ನಿಮ್ಮೊಡನೆ ವಾದಕ್ಕೆ ನಿಲ್ಲುತ್ತದೆ. ಮುನ್ನೂರಕ್ಕೆ ಮಾತ್ರ ಜಾಗವಿದೆ, ಯಾವ ಮುನ್ನೂರು ನನ್ನ ಜೊತೆ ಬರಬೇಕು ಎಂದು ಹೊರಟರೆ ಕೈ ಸಂತೋಷದಿಂದ ಮುಂದೆ ಹೋಗುತ್ತದೆ. ಇನ್ನೂ ಓದದೆ ಉಳಿದ ಪುಸ್ತಕಗಳೇ ಬಿಡಲು ಅತಿ ಕಷ್ಟವೆಂದು ನಾನು ಕಂಡಿದ್ದೇನೆ, ಏಕೆಂದರೆ ಅವುಗಳ ಜೊತೆಗೆ ಎಂದಾದರೂ ಓದುತ್ತೇನೆಂದುಕೊಂಡಿದ್ದ ಆ ಹಳೆಯ ನಮ್ಮನ್ನೂ ಬಿಟ್ಟುಕೊಟ್ಟಂತಾಗುತ್ತದೆ. ಅದು ಸಣ್ಣ ನೋವಲ್ಲ. ಆದರೂ ಹಳ್ಳಿಯ ಶಾಲೆಯೊಂದರ ಕಪಾಟಿನಲ್ಲಿ ಆ ಪುಸ್ತಕ ಹದಿನೈದು ವರ್ಷದ ಹುಡುಗಿಯೊಬ್ಬಳ ಕೈಗೆ ಸಿಗುವುದನ್ನು ಊಹಿಸಿಕೊಳ್ಳಿ. ಯಾವುದೇ ಗ್ರಂಥಾಲಯಕ್ಕೂ ಮುಂಚಿತವಾಗಿ ಪಟ್ಟಿ ಕಳಿಸಿ, ಅವರು ಬೇಕೆಂದದ್ದನ್ನು ಮಾತ್ರ ಕೊಡಿ. ನಮಗೆ ಬೇಡವಾದ ಹೊರೆಯನ್ನು ದಾನದ ಹೆಸರಿನಲ್ಲಿ ಇನ್ನೊಬ್ಬರ ಬಾಗಿಲಿಗೆ ಸಾಗಿಸುವುದು ನ್ಯಾಯವಲ್ಲ.

ನಿಮ್ಮ ಮಗನಿಗೂ ಒಂದು ಕೆಲಸ ಕೊಡಿ. ಒಂದು ಭಾನುವಾರ ವಿಡಿಯೋ ಕರೆ ಮಾಡಿ, ಕಪಾಟುಗಳನ್ನು ತೋರಿಸಿ, ಮಕ್ಕಳಿಬ್ಬರೂ ಹತ್ತು ಹತ್ತು ಪುಸ್ತಕಗಳನ್ನು ಆರಿಸಲಿ. ಅವರು ಬಾಲ್ಯದಲ್ಲಿ ಗೀಚಿದ ಪುಸ್ತಕ ಕಂಡಾಗ ತೂಕಕ್ಕೆ ಹಾಕಿ ಎಂದ ಧ್ವನಿ ಬದಲಾಗುವ ಸಂಭವವುಂಟು.

ಪ್ರಶ್ನೆ: ಅತ್ತೆಯವರಿಗೆ 72 ವರ್ಷ. ಹಾಲಿನ ಕವರುಗಳನ್ನು ತೊಳೆದು ಒಣಗಿಸಿ ಕಟ್ಟಿಡುತ್ತಾರೆ. ಹಾರ್ಲಿಕ್ಸ್ ಬಾಟಲಿಗಳು, ಮಿಠಾಯಿ ಡಬ್ಬಿಗಳು, ರಬ್ಬರ್ ಬ್ಯಾಂಡುಗಳು, ಮದುವೆ ಕರೆಯೋಲೆಗಳು, ಯಾವುದನ್ನೂ ಎಸೆಯಲು ಬಿಡುವುದಿಲ್ಲ. ಅವರು ಊರಿಗೆ ಹೋದಾಗ ನಾನು ನಾಲ್ಕು ಚೀಲ ತುಂಬಿ ಕಸದ ಗಾಡಿಗೆ ಹಾಕಿದೆ. ಬಂದ ಮೇಲೆ ಅವರು ಗಟ್ಟಿಯಾಗಿ ಬೈದಿದ್ದರೂ ಸಹಿಸುತ್ತಿದ್ದೆ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪೇ? — ದಾವಣಗೆರೆಯ ಗೃಹಿಣಿ

ಉತ್ತರ: ಹೌದು, ತಪ್ಪು. ಅದನ್ನು ಮೆದುವಾಗಿ ಹೇಳುವ ದಾರಿ ನನಗೆ ಕಾಣುತ್ತಿಲ್ಲ. ನೀವು ಎಸೆದ ಬಾಟಲಿಗಳಿಗೆ ಬೆಲೆಯಿತ್ತೆಂದು ಹೀಗೆ ಹೇಳುತ್ತಿಲ್ಲ. ತಾನು ಕಾಲಿಟ್ಟು ಐವತ್ತು ವರ್ಷ ನಡೆಸಿದ ಮನೆಯಲ್ಲಿ, ತಾನಿಲ್ಲದಾಗ, ತನ್ನನ್ನು ಕೇಳದೆ ನಿರ್ಧಾರಗಳಾಗಬಹುದೆಂಬುದು ಅವರಿಗೆ ಆ ದಿನ ತಿಳಿಯಿತು. ಊಟ ಸೇರದಿದ್ದುದು ಅದಕ್ಕೆ.

ಅವರ ವಯಸ್ಸನ್ನು ಲೆಕ್ಕ ಹಾಕಿ ನೋಡಿ. 1965–66ರ ಬರ ಬಿದ್ದು, ಅಮೆರಿಕದಿಂದ ಹಡಗುಗಳಲ್ಲಿ ಬಂದ ಗೋಧಿಯನ್ನು ದೇಶ ತಿನ್ನುತ್ತಿದ್ದ ಕಾಲದಲ್ಲಿ ಅವರು ಬೆಳೆಯುವ ಹುಡುಗಿ. ಸಕ್ಕರೆಗೂ ಸೀಮೆಎಣ್ಣೆಗೂ ಪಡಿತರ ಚೀಟಿ ಹಿಡಿದು ಸಾಲು ನಿಂತು, ಗಾಜಿನ ಬಾಟಲಿಯೊಂದು ಖಾಲಿಯಾದರೆ ಅದರಲ್ಲಿ ಉಪ್ಪಿನಕಾಯಿ ಹಾಕಿಡಬಹುದಲ್ಲಾ ಎಂದು ಸಂತೋಷಪಟ್ಟ ತಲೆಮಾರು ಅದು. ಹಾಲಿನ ಕವರು ಕೂಡಿಟ್ಟು ಮಾರಿದ ಹಣ ಗೃಹಿಣಿಯ ಸ್ವಂತ ಹಣವಾಗಿತ್ತು. ನಾವು ಗಲೀಜು ಎಂದು ಕಾಣುವುದರಲ್ಲಿ ಅವರ ಜಾಣತನವೂ ಸಂಸಾರ ತೂಗಿಸಿದ ಹೆಮ್ಮೆಯೂ ಇದೆ. ಈಗ ಪರಿಸರದ ಹೆಸರಿನಲ್ಲಿ ನಮಗೆ ಹೊಸದಾಗಿ ಕಲಿಸುತ್ತಿರುವ ಮರುಬಳಕೆಯನ್ನು ಅವರು ಯಾರೂ ಕಲಿಸದೆ ಮಾಡಿದವರು.

ಮೊದಲು ಹೋಗಿ ಕ್ಷಮೆ ಕೇಳಿ. ಆದರೆ, ಜಾಗವಿರಲಿಲ್ಲ ಎಂದು ಬಾಲ ಸೇರಿಸದೆ ಕೇಳಿ. ಕೆಲವು ವಾರ ಬಿಟ್ಟು, ಜಾಗದ ಮಿತಿಯನ್ನು ಇಬ್ಬರೂ ಕೂಡಿ ಗೊತ್ತುಮಾಡಿ: ಅಡುಗೆಮನೆಯ ಮೇಲಿನ ಒಂದು ಗೂಡು ಪೂರ್ತಿ ಅವರದು, ಅದರೊಳಗೆ ನಿಮ್ಮ ಕೈ ಹೋಗಬಾರದು, ಅದು ತುಂಬಿದಾಗ ಯಾವುದು ಹೋಗಬೇಕೆಂದು ಅವರೇ ಹೇಳಬೇಕು. ಕವರು, ರದ್ದಿಯನ್ನು ಕಸದ ಗಾಡಿಗೆ ಹಾಕದೆ ಗುಜರಿಗೆ ಕೊಟ್ಟು, ಬಂದ ಹಣವನ್ನು ಅವರ ಕೈಗಿಡಿ. ಎಸೆಯುವುದಕ್ಕೆ ಒಪ್ಪದವರು ಕೊಡುವುದಕ್ಕೆ ಒಪ್ಪುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮಿತವ್ಯಯವನ್ನು ಕಾಯಿಲೆಯೊಂದಿಗೆ ಬೆರೆಸಬಾರದು. ಆದರೂ ಕಾಯಿಲೆಯ ಲಕ್ಷಣ ಗೊತ್ತಿರುವುದು ಒಳ್ಳೆಯದು. ಅತಿಯಾಗಿ ಸಂಗ್ರಹಿಸುವುದನ್ನು ಪ್ರತ್ಯೇಕ ಮಾನಸಿಕ ತೊಂದರೆಯೆಂದು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಗುರುತಿಸಿತು, ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿಯೂ ಅದು ಸೇರಿದೆ. ಮಂಚದ ಮೇಲೆ ಮಲಗಲು, ಒಲೆ ಹಚ್ಚಲು, ಬಾಗಿಲು ತೆರೆಯಲು ಆಗದಷ್ಟು ಸಾಮಾನು ತುಂಬಿದ್ದರೆ, ಒಂದು ಚೀಟಿ ತೆಗೆದರೂ ತೀವ್ರ ಸಂಕಟವಾಗುತ್ತಿದ್ದರೆ, ಅಥವಾ ಎಂದೂ ಹೀಗಿರದ ಹಿರಿಯರು ಮರೆವಿನ ಜೊತೆಗೆ ದಿಢೀರನೆ ಕೂಡಿಡಲು ಆರಂಭಿಸಿದರೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಶುಲ್ಕವಿಲ್ಲದೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನೀವು ಬರೆದದ್ದನ್ನು ಓದಿದರೆ ನಿಮ್ಮ ಅತ್ತೆಯವರಿಗೆ ಅಂಥದ್ದೇನೂ ಇದ್ದಂತೆ ನನಗೆ ತೋರುವುದಿಲ್ಲ.

ಪ್ರಶ್ನೆ: ಅಜ್ಜಿಯ ಅಕ್ಕಿ ಡಬ್ಬಿಯ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿದ ಹಳೆಯ 500 ರೂಪಾಯಿಯ ಹದಿನಾಲ್ಕು ನೋಟುಗಳೂ ಒಂದು ಹಳೆಯ ಪಾಸ್‌ಬುಕ್ಕೂ ಸಿಕ್ಕವು. ಅವುಗಳನ್ನು ಏನು ಮಾಡಲಿ? ಎಷ್ಟು ಕಷ್ಟಪಟ್ಟು ಕೂಡಿಟ್ಟಿದ್ದರೋ ಎಂದು ನೆನೆದು ಅಳು ಬರುತ್ತದೆ. — ಹಾಸನ

ಉತ್ತರ: 2016ರ ನವೆಂಬರ್ 8ರ ರಾತ್ರಿ ರದ್ದಾದ ಆ ನೋಟುಗಳನ್ನು ಬದಲಿಸಿಕೊಳ್ಳುವ ಗಡುವು ಎಂದೋ ಮುಗಿದಿದೆ. ಬದಲಿಸಿ ಕೊಡುತ್ತೇವೆನ್ನುವವರ ಮಾತಿಗೆ ಮರುಳಾಗಬೇಡಿ. ಅಂಥ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದನ್ನು 2017ರ ಕಾನೂನು ನಿಷೇಧಿಸಿದೆ, ಆದ್ದರಿಂದ ಹದಿನಾಲ್ಕನ್ನೂ ಇಟ್ಟುಕೊಳ್ಳುವಂತಿಲ್ಲ. ನೆನಪಿಗೆಂದು ಒಂದೋ ಎರಡೋ ಸಾಕು. ಪಾಸ್‌ಬುಕ್ಕಿನ ವಿಷಯ ಹಾಗಲ್ಲ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತವೆ, ಆದರೆ ವಾರಸುದಾರರ ಹಕ್ಕು ಅಲ್ಲಿಗೆ ಮುಗಿಯುವುದಿಲ್ಲ. 2023ರಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣದಲ್ಲಿ ಅಜ್ಜಿಯ ಹೆಸರಿನಲ್ಲಿ ಹುಡುಕಿ. ಮರಣ ಪ್ರಮಾಣಪತ್ರ, ವಾರಸು ದಾಖಲೆಗಳೊಂದಿಗೆ ಆಯಾ ಬ್ಯಾಂಕಿನ ಶಾಖೆಗೇ ಅರ್ಜಿ ಕೊಡಿ. ಇತರ ಓದುಗರಿಗೂ ಒಂದು ವಿನಂತಿ: ಅಜ್ಜಿಯರ ಡಬ್ಬಿ, ಸೀರೆಯ ಮಡಿಕೆ, ದೇವರ ಪಟದ ಹಿಂಬದಿ, ಪಂಚಾಂಗದ ಪುಟಗಳ ನಡುವೆ ಕೈಯಾಡಿಸದೆ ಏನನ್ನೂ ಮನೆಯಿಂದ ಹೊರಗೆ ಕಳಿಸಬೇಡಿ. ಕೇಳಿ ಪಡೆಯುವ ಹಣವಲ್ಲದೆ ಬೇರೆ ಹಣವಿಲ್ಲದ ಹೆಂಗಸರು ತಮ್ಮದೆಂದು ಕೂಡಿಟ್ಟದ್ದು ಅಂಥ ಜಾಗಗಳಲ್ಲೇ ಇರುತ್ತದೆ.

ಪ್ರಶ್ನೆ: ಹೆಂಡತಿ ತೀರಿಕೊಂಡಾಗ ಕಣ್ಣೆದುರು ಏನೂ ಇರಬಾರದೆಂದು, ಹದಿಮೂರನೆಯ ದಿನ ಕಳೆಯುತ್ತಲೇ ಅವಳ ಬಟ್ಟೆ, ಬಳೆ, ಹೊಲಿಗೆಯಂತ್ರ, ಎಲ್ಲವನ್ನೂ ಕೊಟ್ಟುಬಿಟ್ಟೆ. ನೆಂಟರೆಲ್ಲ ಒಳ್ಳೆಯದು ಮಾಡಿದೆ ಎಂದರು. ಈಗ ನಾಲ್ಕು ವರ್ಷವಾಗಿದೆ. ಖಾಲಿ ಬೀರುವನ್ನು ತೆರೆದು ನೋಡುತ್ತೇನೆ. ಮನೆಯಲ್ಲಿ ಅವಳದೆಂದು ಉಳಿದಿರುವುದು ದಿನವೂ ಬಳಸುತ್ತಿದ್ದುದರಿಂದ ತಪ್ಪಿಸಿಕೊಂಡ ಹಿತ್ತಾಳೆಯ ಕಾಫಿ ಫಿಲ್ಟರ್ ಒಂದೇ. ಅದೂ ಈಗ ಸರಿಯಾಗಿ ಡಿಕಾಕ್ಷನ್ ಇಳಿಸುತ್ತಿಲ್ಲ, ಹೊಸದು ತನ್ನಿ ಎನ್ನುತ್ತಾಳೆ ಸೊಸೆ. — ಚಿಕ್ಕಮಗಳೂರು

ಉತ್ತರ: ಆ ಹದಿಮೂರು ದಿನಗಳಲ್ಲಿ ನೀವು ಮಾಡಿದ್ದನ್ನು ಇಂದಿನ ನೀವು ಶಿಕ್ಷಿಸಬೇಡಿ. ನೋವು ತಡೆಯಲಾರದ ಮನುಷ್ಯ ಕೈಗೆ ಸಿಕ್ಕ ಬಾಗಿಲನ್ನು ಮುಚ್ಚುತ್ತಾನೆ, ನೀವೂ ಹಾಗೆಯೇ ಮುಚ್ಚಿದಿರಿ. ಸಾವಿನ ಮನೆಯಲ್ಲಿ ಬೇಗ ಖಾಲಿ ಮಾಡಿ ಎಂದು ಸಲಹೆ ಕೊಡುವ ನೆಂಟರಿಗೆ ನಾನು ಕೈಮುಗಿದು ಹೇಳುವುದಿಷ್ಟೆ: ಒಂದು ವರ್ಷವಾದರೂ ಆ ಬೀರುವಿನ ಬೀಗದಕೈಯನ್ನು ಸಂಗಾತಿಯನ್ನು ಕಳೆದುಕೊಂಡವರ ಬಳಿಯೇ ಇರಲು ಬಿಡಿ.

ಕೊಟ್ಟದ್ದರಲ್ಲಿ ಕೆಲವು ಗೊತ್ತಿರುವವರ ಮನೆಯಲ್ಲೇ ಇರಬಹುದು. ಹೊಲಿಗೆಯಂತ್ರ ಪಡೆದವರನ್ನು ಒಮ್ಮೆ ಕಂಡು ಬನ್ನಿ, ಹಿಂದಕ್ಕೆ ಕೇಳಲಿಕ್ಕಲ್ಲ, ಅದು ಓಡುವ ಸದ್ದನ್ನು ಕೇಳಲಿಕ್ಕೆ. ಆ ಬೀರುವಿನಲ್ಲಿ ಯಾವ ಹಲಗೆಯ ಮೇಲೆ ಏನಿತ್ತೆಂದು ನೆನಪಾದಷ್ಟನ್ನು ಬರೆದಿಡಿ. ನಾಲ್ಕು ವರ್ಷದ ಮೇಲೂ ನಿಮಗೆ ಹಸಿರು ಬಳೆಗಳು ಯಾವ ಮೂಲೆಯಲ್ಲಿದ್ದವೆಂದು ಗೊತ್ತಿರುತ್ತದೆ.

ಫಿಲ್ಟರನ್ನು ಬದಲಿಸಬೇಡಿ. ಮೇಲಿನ ಬಟ್ಟಲಿನ ತಳದ ಸಣ್ಣ ತೂತುಗಳಲ್ಲಿ ಕಾಫಿಪುಡಿ ಕಟ್ಟಿಕೊಂಡಿರುವುದರಿಂದ ಡಿಕಾಕ್ಷನ್ ಇಳಿಯುತ್ತಿಲ್ಲ. ಆ ಬಟ್ಟಲನ್ನು ಒಣಗಿಸಿ, ಇಕ್ಕಳದಲ್ಲಿ ಹಿಡಿದು, ಗ್ಯಾಸಿನ ಸಣ್ಣ ಉರಿಯ ಮೇಲೆ ತಳವನ್ನು ಅರ್ಧ ನಿಮಿಷ ಕಾಯಿಸಿ. ಕಟ್ಟಿಕೊಂಡದ್ದು ಸುಟ್ಟು ಕರಿಯಾಗಿ ಉದುರುತ್ತದೆ. ಪೂರ್ತಿ ಆರಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ತೂತುಗಳೆಲ್ಲ ಕಂಡರೆ ಒಮ್ಮೆ ಬಿಸಿನೀರು ಹಾಯಿಸಿ, ಒಳಗಿನ ಕಲಾಯಿ ಮಾಸಿದ್ದರೆ ಕಲಾಯಿಯನ್ನೂ ಹಾಕಿಸಿ, ಬೆಳಗಿನ ಕಾಫಿಗೆ ಇಡಿ.